ಸ್ಟಾರ್ಟ್ ಆಯ್ತಾ?

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ದಿನ ಮೊದಲು ಕೂರಿಸಿದ್ದು ಅಮ್ಮನನ್ನು. ಬೆಲ್ಟ್ ಹಾಕಿದೆ, ಬಟನ್ ಒತ್ತಿದೆ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ 'ರೆಡಿ' ಅಂತ ಬಂತು. ಅಮ್ಮ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕಾಯುತ್ತಾ ಕೂತಳು.

"ಸ್ಟಾರ್ಟ್ ಮಾಡೋ."

"ಆಗಿದೆ ಅಮ್ಮ."

"ಎಲ್ಲಿ ಆಗಿದೆ? ಸದ್ದೇ ಇಲ್ಲ!"

ಗಾಡಿ ಗೇಟು ದಾಟಿದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಹ್ಯಾಂಡ್ ಬ್ರೇಕ್ ಬಿಟ್ಟು ಸುಮ್ನೆ ಉರುಳಿಸಿಕೊಂಡು ಹೋಗ್ತಿದ್ದಾನೆ ಅಂತಲೇ ಅವಳ ಲೆಕ್ಕ. ವಾಪಸ್ ಬಂದು ಇಳಿಯುವಾಗ, "ನಾಳೆ ರಿಪೇರಿಗೆ ಕೊಟ್ಬಿಡು" ಅಂದಳು.

ನನಗೆ ಹಿಡಿದ ಹುಚ್ಚು ಬೇರೆ. ಪರ್ಸೆಂಟ್ ಹುಚ್ಚು. ನನ್ನದು 40 ಯೂನಿಟ್ ಬ್ಯಾಟರಿ. ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಮನೆಯ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ ಇಳಿದರೆ ಹೆಚ್ಚು, ಅಂದರೆ ತುಂಬಿಸೋಕೆ ಒಂದು ರಾತ್ರಿ ಪೂರ್ತಿ ಬೇಕು. ಮಧ್ಯರಾತ್ರಿ ಎಚ್ಚರವಾದರೆ ಬೇರೆಯವರು ನೀರು ಕುಡೀತಾರೆ, ನಾನು ಕಿಟಕಿಯಿಂದ ಕಾರಿನ ಚಾರ್ಜಿಂಗ್ ದೀಪ ನೋಡುತ್ತಿದ್ದೆ. ಎಸಿ ಹಾಕಿದರೆ ಪರ್ಸೆಂಟ್ ಬೇಗ ಇಳಿಯುತ್ತೆ ಅಂತ ಕಿಟಕಿ ತೆಗೆದು ಓಡಿಸಿದೆ. ಜೋರಾಗಿ ಹೋಗುವಾಗ ಕಿಟಕಿ ತೆಗೆದರೆ ಗಾಳಿಯ ತಡೆಗೂ ಕರೆಂಟ್ ಖರ್ಚಾಗುತ್ತೆ ಅಂತ ಓದಿದ ಮೇಲೆ ಅದನ್ನೂ ಮುಚ್ಚಿದೆ. ಬೆವರಿಗೆ ಕರೆಂಟ್ ಬೇಕಾಗಿಲ್ಲ ನೋಡಿ.

ಇಳಿಜಾರಿನಲ್ಲಿ ಪೆಡಲ್‌ನಿಂದ ಕಾಲು ತೆಗೆದರೆ ಮೋಟರೇ ಜನರೇಟರ್ ಆಗಿಬಿಡುತ್ತದೆ. ಬ್ರೇಕಿನಲ್ಲಿ ಬಿಸಿಯಾಗಿ ಹಾಳಾಗಬೇಕಿದ್ದ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಒಂದು ಭಾನುವಾರ ದೊಡ್ಡ ಇಳಿಜಾರು ಇಳಿಯುವಾಗ ಕಣ್ಣೆದುರೇ 41 ಇದ್ದದ್ದು 42 ಆಯಿತು. ಬಿದ್ದ ದುಡ್ಡು ಸಿಕ್ಕಿದ ಹಾಗಾಯಿತು. ಇನ್ನೊಮ್ಮೆ ನೋಡೋಣ ಅಂತ ತಿರುಗಿಸಿಕೊಂಡು ಹತ್ತಿದೆ, ಇಳಿದೆ. ಮತ್ತೆ ಹತ್ತಿದೆ, ಇಳಿದೆ. ಮನೆಗೆ ಬಂದಾಗ 36. ಕಥೆ ಕೇಳಿದ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಹತ್ತಿದ್ದು ಯಾರ ಲೆಕ್ಕಕ್ಕೆ ರೀ?"

ಇಂಥ ನನ್ನನ್ನು ಆಫೀಸಿನವರು ಪರಿಸರ ಸಮಿತಿಯ ಸಂಚಾಲಕ ಮಾಡಿದರು. ಅರ್ಹತೆ? ಕಾರಿಗೆ ಹೊಗೆ ಕೊಳವೆ ಇಲ್ಲ, ಅಷ್ಟೇ.

ನಮ್ಮ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯರೊಬ್ಬರಿದ್ದಾರೆ. ಅವರ ಹಳೇ ಡೀಸೆಲ್ ಕಾರು ಗೇಟಿನೊಳಗೆ ಬಂದರೆ ಮೇಲಿನ ಮಹಡಿಯ ಕಿಟಕಿ ಗಾಜು ಸುದ್ದಿ ಹೇಳುತ್ತದೆ. ಬೆನ್ನ ಹಿಂದೆ ನಾವೆಲ್ಲ ಅವರನ್ನು 'ಡೀಸೆಲ್ ಸರ್' ಅಂತೀವಿ. ಸಂಚಾಲಕ ಆದ ಮೇಲೆ ನನಗೆ ಸ್ವಲ್ಪ ನಾಲಗೆ ಉದ್ದ ಆಯಿತು. "ಸರ್, ಇನ್ನೂ ಎಷ್ಟು ದಿನ ಈ ಹೊಗೆ?" ಅಂತ ಲಿಫ್ಟಿನಲ್ಲಿ ಎಲ್ಲರೆದುರು ಕೇಳಿದೆ. ಅವರು ನಕ್ಕು, "ಅದು ಬೆಳಿಗ್ಗೆ ಕರೆದ ಕೂಡಲೇ ಏಳುತ್ತಪ್ಪಾ, ಅಷ್ಟು ಸಾಕು" ಅಂದರು. ಆ ಮಾತು ಆಗ ನನಗೆ ನಾಟಲಿಲ್ಲ.

ಸಮಿತಿಯ ಮೊದಲ ಬೇಟೆ ಕಾಗದ. ಒಂದು ಎ4 ಹಾಳೆಯ ತೂಕ 5 ಗ್ರಾಂ. ನಮ್ಮ ಆಫೀಸಿನ ಕಾಗದ ಚದರ ಮೀಟರಿಗೆ 80 ಗ್ರಾಂ, ಒಂದು ಚದರ ಮೀಟರಿನಲ್ಲಿ 16 ಎ4 ಹಾಳೆ. ಈ ಲೆಕ್ಕವನ್ನು ನಾನು ಕಂಡಕಂಡವರಿಗೆಲ್ಲ ಒಪ್ಪಿಸುತ್ತಿದ್ದೆ. ಎಲ್ಲ ಪ್ರಿಂಟರ್‌ಗಳೂ ಇನ್ನು ಮುಂದೆ ತಾವಾಗೇ ಎರಡೂ ಮಗ್ಗುಲು ಮುದ್ರಿಸುವ ಹಾಗೆ ಮಾಡಿಸಿ, ಬೀಗಿದೆ.

ಅದೇ ವಾರ ಸಂಬಳದ ಚೀಟಿ ಬಂತು. ನೂರಿಪ್ಪತ್ತು ಜನರ ಚೀಟಿಗಳನ್ನು ಒಂದೇ ಫೈಲಿನಿಂದ, ಒಂದೇ ಏಟಿಗೆ ಮುದ್ರಿಸುತ್ತಾರೆ ಅಂತ ನನಗೇನು ಗೊತ್ತು? ಹಾಳೆಯ ಈ ಕಡೆ ನನ್ನ ಸಂಬಳ. ಆ ಕಡೆ, ನನಗಿಂತ ಎರಡು ವರ್ಷ ಆಮೇಲೆ ಸೇರಿದವನ ಸಂಬಳ. ಹೆಚ್ಚಿತ್ತು. ಇಡೀ ಆಫೀಸು ಹಾಳೆಯನ್ನು ಅತ್ತ ಇತ್ತ ತಿರುಗಿಸುತ್ತಾ ನಿಂತಿತ್ತು. ಅಲ್ಲಿವರೆಗೆ ಒಟ್ಟಿಗೆ ಊಟ ಮಾಡುತ್ತಿದ್ದ ಇಬ್ಬರು ಆವತ್ತು ಬೇರೆ ಬೇರೆ ಮೇಜಿನಲ್ಲಿ ಕೂತರು. ಆ 60 ಹಾಳೆಯನ್ನೂ ವಾಪಸ್ ತಗೊಂಡು, ಹರಿದು ಹಾಕಿ, ಹೊಸದಾಗಿ 120 ಹಾಳೆ ಮುದ್ರಿಸಿದರು. ಡೀಸೆಲ್ ಸರ್ ನನ್ನ ಮೇಜಿಗೆ ಬಂದು, "60 ಹಾಳೆ ಜಾಸ್ತಿ. 5 ಗ್ರಾಮಿನಂತೆ 300 ಗ್ರಾಂ. ನಿಮ್ಮ ಲೆಕ್ಕವೇ" ಅಂದು ಹೋದರು.

ಆಮೇಲೆ ದೀಪಗಳಿಗೆ ಸೆನ್ಸರ್ ಹಾಕಿಸಿದೆವು. ಅದಕ್ಕೆ ಕಾಣುವುದು ಮನುಷ್ಯನಲ್ಲ, ಅಲುಗಾಡುವ ಮೈಶಾಖ. ಅಲುಗಾಡದಿದ್ದರೆ ಯಾರೂ ಇಲ್ಲ ಅಂತ ಆರಿಸುತ್ತದೆ. ಶೌಚಾಲಯದಲ್ಲಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆದರೆ ಮೀಟಿಂಗ್ ರೂಮಿನದು ಹೇಳಲೇಬೇಕು. ವಿದ್ಯುತ್ ಉಳಿತಾಯದ ಬಗ್ಗೆ ನನ್ನ ವರದಿ ಓದುತ್ತಿದ್ದೆ, ಎಂಟು ಜನ ಕೇಳುತ್ತಿದ್ದರು. ಮೂರನೇ ಪುಟಕ್ಕೆ ದೀಪ ಆರಿತು. ಸೆನ್ಸರ್ ಪ್ರಕಾರ ರೂಮಿನಲ್ಲಿ ಒಂದು ಜೀವವೂ ಇರಲಿಲ್ಲ. ಕತ್ತಲಲ್ಲಿ ಒಂದು ಗೊರಕೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದ ಮುಂದೆ ನಾನು ಓದುವಾಗ ನಿಮಿಷಕ್ಕೊಮ್ಮೆ ಕೈ ಬೀಸುವ ಕೆಲಸವನ್ನು ಕಿರಿಯ ಹುಡುಗನೊಬ್ಬನಿಗೆ ಒಪ್ಪಿಸಿದರು.

ಕೊನೆಗೆ ಬಂತು ಹಸಿರು ದಿನ. ಅದಕ್ಕೆ ಮೊದಲು ಹತ್ತು ದಿನ ಸಮಿತಿಯವರು ಯಾರೂ ಕಾರು ಮುಟ್ಟಬಾರದು ಅಂತ ನಾನೇ ಘೋಷಿಸಿದ್ದೆ. ನನ್ನ ಕಾರನ್ನು ಆಫೀಸಿನ ಬಾಗಿಲಲ್ಲೇ, ಬ್ಯಾನರ್ ಕೆಳಗೆ, ಪ್ರದರ್ಶನಕ್ಕೆ ನಿಲ್ಲಿಸಿ ಸೈಕಲ್ ಹಿಡಿದೆ. (ಸೈಕಲ್ ಕಥೆ ಬೇರೆ ಇದೆ, ಮಂಡಿ ಸರಿಹೋದ ಮೇಲೆ ಹೇಳುತ್ತೇನೆ.) ಭಾಷಣಕ್ಕೆ ಓದಿಕೊಂಡೂ ಇದ್ದೆ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಎಲೆಕ್ಟ್ರಿಕ್ಕೇ. 1899ರಲ್ಲಿ, ಬೆಲ್ಜಿಯಂನ ಕಾಮಿಲ್ ಜೆನಾಟ್ಜಿ ಓಡಿಸಿದ್ದು. ಪೆಟ್ರೋಲ್ ಕಾರು ಮಾರಿ ಜಗತ್ತನ್ನೇ ತುಂಬಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಕೂಡ ಎಲೆಕ್ಟ್ರಿಕ್ ಕಾರಿನಲ್ಲಿ ಓಡಾಡುತ್ತಿದ್ದಳು. ಯಾಕೆ ಅಂದರೆ ಆಗ ಪೆಟ್ರೋಲ್ ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಕೆಲವೊಮ್ಮೆ ಅದು ತಿರುಗೇಟು ಕೊಟ್ಟು ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲ್ಯಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಕೊಟ್ಟ. ಹ್ಯಾಂಡಲ್ ಹೋಯಿತು, ಅದರ ಜೊತೆಗೆ ಎಲೆಕ್ಟ್ರಿಕ್ ಕಾರಿನ ದೊಡ್ಡ ಮೆರುಗೂ ಹೋಯಿತು.

"ಈಗ ಆ ಕಾಲ ಮತ್ತೆ ಬಂದಿದೆ!" ಅಂತ ಭಾಷಣ ಮುಗಿಸಿ, ಚಪ್ಪಾಳೆ ನಿಲ್ಲುವ ಮೊದಲೇ ಕಾರಿನ ಹತ್ತಿರ ಹೋಗಿ ರಿಮೋಟ್ ಒತ್ತಿದೆ.

ಏನೂ ಇಲ್ಲ. ಬಾಗಿಲೇ ತೆಗೆಯಲಿಲ್ಲ.

ರಿಮೋಟಿನ ಹೊಟ್ಟೆಯಲ್ಲಿ ಒಂದು ಪುಟಾಣಿ ಕಬ್ಬಿಣದ ಕೀ ಅಡಗಿರುತ್ತೆ ಅಂತ ನೆನಪಾಗಲು ಐದು ನಿಮಿಷ ಬೇಕಾಯಿತು. ಬಾಗಿಲು ತೆಗೆದು ಕೂತು ಬಟನ್ ಒತ್ತಿದರೆ ಪರದೆ ಕಪ್ಪು. ನಿಲ್ಲಿಸಿದಾಗ 92 ಪರ್ಸೆಂಟ್ ಇತ್ತು. ಅದೂ ಎಲ್ಲಿಗೂ ಹೋಗಿರಲಿಲ್ಲ. ಆದರೆ ಆ ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಸ್ವಿಚ್ಚು, ಬಾಗಿಲಿನ ಬೀಗ, ಕಂಪ್ಯೂಟರು ಎಲ್ಲ ನಡೆಯುವುದು ಬಾನೆಟ್ಟಿನೊಳಗಿನ ಇನ್ನೊಂದು ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ. ಡೀಸೆಲ್ ಕಾರಿನಲ್ಲೂ ಇರುತ್ತಲ್ಲ, ಅಂಥದ್ದೇ. ಗಾಡಿ ನಿಂತಾಗಲೂ ಕಣ್ಣು ಬಿಟ್ಟಿರಲಿ ಅಂತ ನಾನೇ ಅದಕ್ಕೆ ಒಂದು ಕ್ಯಾಮೆರಾ ಸಿಕ್ಕಿಸಿದ್ದೆ. ಹತ್ತು ದಿನ ನಿಷ್ಠೆಯಿಂದ ಖಾಲಿ ಅಂಗಳ ನೋಡುತ್ತಾ ಅದು ಬ್ಯಾಟರಿಯನ್ನು ಹೀರಿ ಮುಗಿಸಿತ್ತು. ಕಣಜ ತುಂಬಿದೆ, ಬೀಗದ ಕೈ ಇಲ್ಲ.

ಗುಂಪಿನ ಹಿಂದಿನಿಂದ ಗುಡುಗುಡು ಸದ್ದು ಬಂತು. ಜನ ದಾರಿ ಬಿಟ್ಟರು. ಡೀಸೆಲ್ ಸರ್ ಕಾರನ್ನು ಮೂತಿಗೆ ಮೂತಿ ಇಟ್ಟು ನಿಲ್ಲಿಸಿದರು. ಡಿಕ್ಕಿಯಿಂದ ಎರಡು ದಪ್ಪ ವೈರು ತೆಗೆದು, ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ ಕಚ್ಚಿಸಿ, ಕಪ್ಪು ಕ್ಲಿಪ್ಪನ್ನು ಇಂಜಿನ್ ಕೋಣೆಯ ಲೋಹಕ್ಕೆ ಹಾಕಿದರು. ನಾನು ಪಕ್ಕದಲ್ಲಿ ನಿಂತು ಕಾರಿನ ಜೊತೆ ಬಂದ ಪುಸ್ತಕ ತಿರುವುತ್ತಿದ್ದೆ. ಬೇರೆ ಕಾರಿನಿಂದ ಇದಕ್ಕೆ ಕರೆಂಟ್ ಪಡೆಯಬಹುದು, ಇದರಿಂದ ಬೇರೆಯದಕ್ಕೆ ಕೊಡಬಾರದು ಅಂತಿತ್ತು. ಸಾಲ ಈಸ್ಕೋಬಹುದು, ಕೊಡೋ ಹಾಗಿಲ್ಲ.

ಹತ್ತು ನಿಮಿಷ ಅವರ ಇಂಜಿನ್ ಓಡಿತು. ಹೊಗೆಯೆಲ್ಲ ನೇರ 'ಶುದ್ಧ ಗಾಳಿ ನಮ್ಮ ಹಕ್ಕು' ಬ್ಯಾನರಿನ ಮೇಲೆ ಹೋಯಿತು. ನಾನು ಉಸಿರು ಬಿಗಿಹಿಡಿದು ಬಟನ್ ಒತ್ತಿದೆ.

"ಸ್ಟಾರ್ಟ್ ಆಯ್ತಾ?" ಅಂತ ಕಿಟಕಿಗೆ ಬಗ್ಗಿ ಕೂಗಿದರು ಡೀಸೆಲ್ ಸರ್.

"ಆಗಿದೆ ಸರ್."

"ಎಲ್ಲಿ? ಸದ್ದೇ ಇಲ್ಲ!"

ಮರುದಿನ ನೋಟಿಸ್ ಬೋರ್ಡಿನಲ್ಲಿ ಫೋಟೊ ಬಂದಿತ್ತು. ಎರಡು ಕಾರು ಬಾಯಿ ತೆರೆದುಕೊಂಡು ಎದುರುಬದುರು, ನಡುವೆ ಕೆಂಪು ವೈರು, ಮೂಲೆಯಲ್ಲಿ ಪುಸ್ತಕ ಹಿಡಿದ ಸಂಚಾಲಕ. ಎ4 ಹಾಳೆ, ಕಲರ್ ಪ್ರಿಂಟು, ಒಂದೇ ಮಗ್ಗುಲು. 5 ಗ್ರಾಂ.