ದುರ್ಯೋಧನನಿಗೆ ಎಷ್ಟನೆಯ ಗುರಿ?

ನಮ್ಮ ಕನ್ನಡ ವಿಭಾಗಕ್ಕೊಂದು ಸುತ್ತೋಲೆ ಬಂತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಮ್ಮ ಯಾವ ಪಾಠ ಯಾವುದಕ್ಕೆ ಸೇರುತ್ತದೆ ಎಂದು ಶುಕ್ರವಾರದೊಳಗೆ ತುಂಬಿ ಕಳಿಸಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತಿದೆ. ಲೋಕ ಉದ್ಧಾರವಾಗಲು 2030ರವರೆಗೆ ಗಡುವಿದೆ. ಕೋಷ್ಟಕಕ್ಕೆ ಅಷ್ಟು ಸಮಯವಿಲ್ಲ.

ವಚನಗಳು ತಕರಾರು ಮಾಡಲಿಲ್ಲ. ಅಸಮಾನತೆ ನೀಗುವ 10ನೆಯ ಗುರಿಗೆ ಸಾರಾಸಗಟಾಗಿ ಸೇರಿಕೊಂಡವು. ಕಾಡಿದವನು ರನ್ನನ ‘ಗದಾಯುದ್ಧ’ದ ದುರ್ಯೋಧನ. ವೈಶಂಪಾಯನ ಸರೋವರದಲ್ಲಿ ಅಡಗಿದ್ದರಿಂದ ಅವನು 14, ಅಂದರೆ ‘ನೀರಿನೊಳಗಿನ ಜೀವ’ ಎಂದರು ಒಬ್ಬರು. ಅದು ಸಮುದ್ರಕ್ಕೆ, ಸರೋವರವಾದರೆ ಶುದ್ಧ ನೀರಿನ 6 ಎಂದರು ಇನ್ನೊಬ್ಬರು. ಕೊನೆಗೆ ಮುಖ್ಯಸ್ಥರು, “ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರಿದನಲ್ಲವೇ? ತಾಪಮಾನ ಏರಿದೆ ಎಂದಾಯಿತು. 13 ಹಾಕಿ” ಎಂದು ತೀರ್ಪಿತ್ತರು. ಸಾವಿರ ವರ್ಷದ ಹಿಂದೆಯೇ ಹವಾಮಾನ ಬದಲಾವಣೆಯನ್ನು ಕಂಡ ಕೀರ್ತಿ ಹೀಗೆ ಹಳಗನ್ನಡಕ್ಕೆ ಸಂದಿತು.

8ನೆಯದು ‘ಘನತೆಯ ದುಡಿಮೆ’. ಅದನ್ನು ತುಂಬುವ ಕೆಲಸ ನನಗೆ ಬಿತ್ತು. ನಾನು ಇಲ್ಲಿ ಹದಿಮೂರು ವರ್ಷಗಳಿಂದ ಅತಿಥಿ ಉಪನ್ಯಾಸಕ. ಅಷ್ಟು ಕಾಲ ಠಿಕಾಣಿ ಹೂಡಿದವನನ್ನು ಯಾವ ಮನೆಯಲ್ಲೂ ಅತಿಥಿ ಎನ್ನುವುದಿಲ್ಲ. ಪ್ರತಿ ವರ್ಷ ಅದೇ ಅಂಕಪಟ್ಟಿಗಳ ಜೆರಾಕ್ಸ್ ಹೊತ್ತು ಹೊಸದಾಗಿ ಅರ್ಜಿ ಹಾಕುತ್ತೇನೆ. 4ನೆಯ ಗುರಿಯ ‘ಜೀವನಪರ್ಯಂತ ಕಲಿಕೆ’ಯ ಎದುರು ನನ್ನದೇ ಹೆಸರು ಬರೆದಿದ್ದೆ; ಹೊಡೆದುಹಾಕಿದರು.

ಅಲ್ಲಿಗೆ ಹೊರಗಿನವರು ಬೇಕಂತೆ. ಪಕ್ಕದ ಹಳ್ಳಿಯಿಂದ ಕೆರೆಯ ನೀರು ಬಿಡುವ ಕೆಲಸದ, ಎಪ್ಪತ್ತು ದಾಟಿದ ನೀರುಗಂಟಿಯೊಬ್ಬರನ್ನು ಕರೆಸಿ ‘ಭಾಷೆ ಮತ್ತು ಜಲಸಂರಕ್ಷಣೆ’ ಎಂಬ ಒಂದು ದಿನದ ತರಬೇತಿ ಕೊಟ್ಟೆವು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂದರೇನೆಂದು ಪರದೆಯ ಮೇಲೆ ಚಿತ್ರ ತೋರಿಸಿ ಅವರಿಗೆ ತಿಳಿಸಿಕೊಟ್ಟೆವು. ತೂಬಿನ ಚಿತ್ರದ ಕೆಳಗೆ ಕೋಡಿ ಎಂದು ಬರೆದಿತ್ತು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛವನ್ನು ಮಡಿಲಲ್ಲಿಟ್ಟುಕೊಂಡು ಅವರು ಸಂಜೆಯವರೆಗೆ ಸುಮ್ಮನೆ ಕುಳಿತಿದ್ದರು. ಪ್ರಮಾಣಪತ್ರ ಕೈಗಿಟ್ಟಾಗ ಮಾತ್ರ ಬಾಯಿಬಿಟ್ಟರು: “ಸ್ವಾಮಿ, ನಮ್ಮ ಕೆರೆಯ ಕೋಡಿ ನೀರು ಹರಿಯುತ್ತಿದ್ದುದೇ ಈ ಕಟ್ಟಡ ಇರುವ ಜಾಗದಲ್ಲಿ. ಕೆರೆ ತುಂಬಿದರೆ ಏನು ಮಾಡುತ್ತೀರಿ?”

ಮುಖ್ಯಸ್ಥರು ಅದನ್ನು ‘ಫಲಾನುಭವಿಯ ಪ್ರತಿಕ್ರಿಯೆ: ತೃಪ್ತಿಕರ’ ಎಂದು ಬರೆಸಿದರು. 6ನೆಯ ಗುರಿಯೂ ಈಡೇರಿತು. ಕಡತವನ್ನು ದಾರದಲ್ಲಿ ಬಿಗಿದು, ನೆಲಮಹಡಿಯ ದಾಖಲೆ ಕೊಠಡಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಕಪಾಟಿನಲ್ಲಿ ಇಟ್ಟು ಬಂದೆ.