ಮುಷ್ಕರಕ್ಕೆ ಕೂತವರನ್ನು ಬೈಯುವ ಮೊದಲು

ಆಸ್ಪತ್ರೆ ಸಿಬ್ಬಂದಿ ಮುಷ್ಕರ ಅಂತ ಸುದ್ದಿ ಬಂದ ತಕ್ಷಣ ನಮ್ಮ ಗೆಳೆಯರ ಗ್ರೂಪಿನಲ್ಲಿ ಒಬ್ಬರು ಬರೆದರು, "ರೋಗಿಗಳ ಜೀವದ ಜೊತೆ ಆಟ ಆಡೋಕೆ ಇವರಿಗೆ ಹಕ್ಕು ಕೊಟ್ಟವರು ಯಾರು?" ಉಳಿದವರೂ ಹೌದು ಹೌದು ಅಂದರು. ನಾನು ಅಲ್ಲಿ ಏನೂ ಬರೆಯಲಿಲ್ಲ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಎರಡನೇ ರಾತ್ರಿ. ನಾನು ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಒಂದೂವರೆ ಹೊತ್ತಿಗೆ ಡ್ರಿಪ್ ಬಾಟಲಿ ಖಾಲಿಯಾಗುತ್ತಾ ಬಂತು. ಹೋಗಿ ಸಿಸ್ಟರ್‌ಗೆ ಹೇಳಿದೆ. "ಬಂದೆ" ಅಂದರು. ಬರಲಿಲ್ಲ. ನೋಡನೋಡುತ್ತಿದ್ದಂತೆ ಪೈಪಿನಲ್ಲಿ ರಕ್ತ ವಾಪಸ್ ಏರತೊಡಗಿತು. ಗಾಬರಿಯಾಗಿ ಓಡಿದೆ. ಸಿಟ್ಟೂ ಬಂದಿತ್ತು, ಚೆನ್ನಾಗಿ ಕೇಳಿಬಿಡಬೇಕು ಅಂತಲೇ ಹೋದೆ.

ವಾರ್ಡಿನ ಆ ತುದಿಯಲ್ಲಿ ಮಂಚದಿಂದ ಬಿದ್ದಿದ್ದ ಒಬ್ಬ ಅಜ್ಜಿಯನ್ನು ಎತ್ತಲು ಸಿಸ್ಟರ್ ಒಬ್ಬರೇ ಒದ್ದಾಡುತ್ತಿದ್ದರು. ನಾನೂ ಕೈ ಹಾಕಿದೆ. ಇಬ್ಬರೂ ಸೇರಿ ಅಜ್ಜಿಯನ್ನು ಮಲಗಿಸಿದೆವು. ಅಜ್ಜಿಗೆ ಎಲ್ಲಾದರೂ ಪೆಟ್ಟಾಗಿದೆಯಾ ಅಂತ ತಲೆ, ಸೊಂಟ ಮುಟ್ಟಿ ನೋಡಿ, ಬಿಪಿ ನೋಡಿ, ಕೈ ತೊಳೆದುಕೊಂಡು ಸಿಸ್ಟರ್ ಅಮ್ಮನ ಹತ್ತಿರ ಬಂದರು. ಅಷ್ಟೊತ್ತಿಗೆ ಕ್ಯಾನುಲಾ, ಅಂದರೆ ಡ್ರಿಪ್ ಹೋಗಲು ಕೈಗೆ ಚುಚ್ಚಿಟ್ಟಿದ್ದ ಸಣ್ಣ ಕೊಳವೆ, ಕಟ್ಟಿಕೊಂಡಿತ್ತು. ಇನ್ನೊಂದು ಕೈಯಲ್ಲಿ ನರ ಹುಡುಕಿ ಮತ್ತೆ ಚುಚ್ಚಬೇಕಾಯಿತು. ಅಮ್ಮ ಹಲ್ಲು ಕಚ್ಚಿ ತಡೆದುಕೊಂಡರು. "ಸಾರಿ ಅಮ್ಮಾ, ಈ ರಾತ್ರಿ ನಾನೊಬ್ಬಳೇ" ಅಂದರು ಸಿಸ್ಟರ್. ಪ್ಲಾಸ್ಟರ್ ಅಂಟಿಸುವಾಗ ಅವರ ಕೈ ನಡುಗುತ್ತಿತ್ತು.

ಆಮೇಲೆ ಗೊತ್ತಾಯಿತು, ಅವರು ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಬಂದವರು. ನೈಟ್‌ಗೆ ಬರಬೇಕಾದವರು ಬರದೆ, ಹಾಗೇ ಮುಂದುವರಿದಿದ್ದರು. ನಾನು ಎದ್ದು ಹಾಸಿಗೆ ಎಣಿಸಿದೆ. 27. ಎಲ್ಲದರಲ್ಲೂ ಜನ ಇದ್ದರು.

ನಿದ್ದೆಗೆಟ್ಟ ಮನುಷ್ಯನ ಕೈ ಹೇಗೆ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಅಳೆದು ನೋಡಿದ್ದರು. ಒಂದೇ ಸಮನೆ 17 ಗಂಟೆ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸಿದರೆ ಕೇಸ್ ಹಾಕುತ್ತಾರೆ. ಆ ಸಿಸ್ಟರ್ ಬೆಳಗ್ಗೆ ಏಳಕ್ಕೆ ಎದ್ದಿದ್ದರು ಅಂದುಕೊಂಡರೂ, ಅಮ್ಮನ ಕೈಗೆ ಸೂಜಿ ಚುಚ್ಚುವಾಗ 18 ಗಂಟೆ ದಾಟಿತ್ತು.

ನನಗೆ ಹೇಳಬೇಕಿರುವುದು ಇದು. ಮುಷ್ಕರ ಅಂದರೆ ಮೊದಲೇ ಹೇಳಿ ಮಾಡುವಂಥದ್ದು. ಅಮೆರಿಕದಲ್ಲಿ ಆಸ್ಪತ್ರೆ ನೌಕರರ ಸಂಘ 10 ದಿನ ಮೊದಲೇ ನೋಟಿಸ್ ಕೊಡಬೇಕು ಅಂತ 1974ರಿಂದ ಕಾನೂನೇ ಇದೆ. ಬ್ರಿಟನ್ನಿನಲ್ಲಿ 2022ರ ಡಿಸೆಂಬರ್‌ನಲ್ಲಿ ನರ್ಸ್‌ಗಳು ಹೊರಗೆ ಬಂದರಲ್ಲ, ಅವರ ಸಂಘದ 106 ವರ್ಷದ ಚರಿತ್ರೆಯಲ್ಲೇ ಅಷ್ಟು ದೊಡ್ಡ ಮುಷ್ಕರ ಆಗಿರಲಿಲ್ಲ. ಆಗಲೂ ಕೀಮೋಥೆರಪಿ, ಡಯಾಲಿಸಿಸ್, ಐಸಿಯು, ಎಳೆ ಕೂಸುಗಳ ಐಸಿಯು ಇವನ್ನೆಲ್ಲ ಮುಷ್ಕರದಿಂದ ಹೊರಗಿಟ್ಟಿದ್ದರು. ಯಾವ ಕೆಲಸ ನಿಲ್ಲಿಸಬಹುದು, ಯಾವುದು ನಿಲ್ಲಿಸಬಾರದು ಅಂತ ಕೂತು ಪಟ್ಟಿ ಮಾಡಿದ್ದರು. ಅಮ್ಮನ ಆ ರಾತ್ರಿಗೆ ಯಾರು ನೋಟಿಸ್ ಕೊಟ್ಟಿದ್ದರು? ಯಾವ ಹಾಸಿಗೆಗೆ ಮೊದಲು ಹೋಗಬೇಕು, ಯಾವುದನ್ನು ಬಿಡಬೇಕು ಅಂತ ಅಲ್ಲಿ ತೀರ್ಮಾನ ಮಾಡಬೇಕಾಗಿದ್ದವರು ದಣಿದ ಒಬ್ಬ ಹೆಣ್ಣುಮಗಳು. ಮುಷ್ಕರ ಇಲ್ಲದ ರಾತ್ರಿ ಅದು. ಪೇಪರಿನಲ್ಲಿ ಬರುವ ಸುದ್ದಿಯಲ್ಲ.

ಇದರಿಂದ ಜೀವ ಹೋಗುತ್ತದಾ ಅಂತ ಕೇಳಿದರೆ, ಹೌದು, ಹೋಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಬಂದ ಅಧ್ಯಯನ ಇದನ್ನೇ ಹೇಳಿತು. ಒಬ್ಬ ನರ್ಸ್ ಕೈಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ 7% ಏರುತ್ತಿತ್ತು. ಒಬ್ಬರು ಜಾಸ್ತಿಯಾದರೇ ಇಷ್ಟು!

"ಸಿಬ್ಬಂದಿ ಕಮ್ಮಿ ಇದ್ದರೆ ಅದನ್ನು ಕೇಳಲಿ, ಸಂಬಳ ಯಾಕೆ ಕೇಳ್ತಾರೆ?" ಅಂತ ಅದೇ ಗ್ರೂಪಿನಲ್ಲಿ ಇನ್ನೊಬ್ಬರು ಕೇಳಿದ್ದರು. ಎರಡೂ ಒಂದೇ ಕಣ್ರೀ. ಸಂಬಳ ಸಾಲದೆ ಒಬ್ಬರು ಕೆಲಸ ಬಿಡುತ್ತಾರೆ. ಅವರ ಹಾಸಿಗೆಗಳು ಉಳಿದವರ ಪಾಲಿಗೆ ಬರುತ್ತವೆ. ಆ ಭಾರ ತಾಳದೆ ಇನ್ನೊಬ್ಬರು ಬಿಡುತ್ತಾರೆ. ಖಾಲಿ ಜಾಗಕ್ಕೆ ಗುತ್ತಿಗೆ ಮೇಲೆ ಯಾರನ್ನೋ ತರುತ್ತಾರೆ. ಅದೇ ವಾರ್ಡು, ಅದೇ ಕೆಲಸ, ಕಮ್ಮಿ ಸಂಬಳ, ರಜೆ ಕೇಳಿದರೆ ನಾಳೆಯಿಂದ ಬರಬೇಡ ಅನ್ನುವ ಭಯ. ಅವರು ಎಷ್ಟು ದಿನ ನಿಲ್ಲುತ್ತಾರೆ ಹೇಳಿ?

"ಸೇವೆ" ಅನ್ನುವ ಮಾತು ಕೇಳಿದರೆ ನನಗೆ ಈಗ ಸಂಕಟ ಆಗುತ್ತದೆ. ಪ್ರಪಂಚದ ಆರೋಗ್ಯ ಸಿಬ್ಬಂದಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಹೆಂಗಸರು. ಸೇವೆ, ತ್ಯಾಗ, ತಾಯಿಯ ಹಾಗೆ ಅಂತೆಲ್ಲ ಹೇಳಿ ಅವರ ಬಾಯಿ ಮುಚ್ಚಿಸುವುದು ಸುಲಭ. ಮನೆಯಲ್ಲೂ ಹಾಗೇ ಮಾಡುತ್ತಾ ಬಂದಿದ್ದೇವಲ್ಲ. ಕೋವಿಡ್‌ನಲ್ಲಿ 2021ರ ಮೇ ತಿಂಗಳವರೆಗೇ ಸುಮಾರು 1,15,000 ಆರೋಗ್ಯ ಕಾರ್ಯಕರ್ತರು ತೀರಿಕೊಂಡಿರಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇನ್ನೆಷ್ಟು ತ್ಯಾಗ ಬೇಕು?

ಮುಷ್ಕರದಿಂದ ಯಾರಿಗೂ ತೊಂದರೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೀನ್ಯಾದಲ್ಲಿ 2016ರ ಕೊನೆಗೆ ಶುರುವಾದ ಸರ್ಕಾರಿ ವೈದ್ಯರ ಮುಷ್ಕರ 100 ದಿನ ನಡೆಯಿತು. ಖಾಸಗಿ ಆಸ್ಪತ್ರೆಗೆ ಹೋಗಲು ದುಡ್ಡಿಲ್ಲದ ಬಡವರಿಗೇ ಪೆಟ್ಟು ಬಿತ್ತು. ಅದನ್ನು ಓದುವಾಗ ಹೊಟ್ಟೆ ಉರಿಯಿತು. ಆದರೆ ಅವರು ಕೇಳಿದ್ದು ಹೊಸದೇನಲ್ಲ. 2013ರಲ್ಲಿ ಸರ್ಕಾರ ತಾನೇ ಸಹಿ ಹಾಕಿದ ಒಪ್ಪಂದವನ್ನು ಜಾರಿ ಮಾಡಿ ಅಂತ. ಮೂರು ವರ್ಷ ಕಾದಿದ್ದರು. ಆಮೇಲೆ ಜೈಲಿಗೆ ಹೋಗಿದ್ದು ಸಂಘದ ಮುಖಂಡರು. ಆ 100 ದಿನದ ಲೆಕ್ಕ ಕೇಳುವಾಗ, ಸಹಿ ಹಾಕಿ ಸುಮ್ನೆ ಕೂತವರನ್ನೂ ಕೇಳಬೇಕು ಅಲ್ವಾ?

ದಾರಿ ಇಲ್ಲ ಅಂತಲೂ ಅಲ್ಲ. ಒಬ್ಬ ನರ್ಸ್‌ಗೆ ಇಂತಿಷ್ಟೇ ರೋಗಿಗಳು ಅಂತ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ತಂದಿತು. 2004ರಿಂದ ಜಾರಿಯಲ್ಲಿದೆ. ಐಸಿಯುನಲ್ಲಿ ಒಬ್ಬರಿಗೆ ಇಬ್ಬರೇ, ಸಾಮಾನ್ಯ ವಾರ್ಡಿನಲ್ಲಿ ಐವರು. ನರ್ಸ್‌ಗಳ ಸಂಘ ವರ್ಷಗಟ್ಟಲೆ ಹಟ ಹಿಡಿದು ತಂದ ಕಾನೂನು ಅದು.

ಅಂಥ ಕಾನೂನು ಬರುವವರೆಗೆ ನನ್ನದೊಂದು ಸಣ್ಣ ಬೇಡಿಕೆ ಇದೆ. ಪ್ರತಿ ವಾರ್ಡಿನ ಬಾಗಿಲಲ್ಲೂ ಒಂದು ಬೋರ್ಡ್ ಹಾಕಲಿ. ಈ ಹೊತ್ತಿಗೆ ಒಳಗೆ ಎಷ್ಟು ರೋಗಿಗಳು, ಡ್ಯೂಟಿಯಲ್ಲಿ ಎಷ್ಟು ಸಿಸ್ಟರ್‌ಗಳು, ಅವರು ಎಷ್ಟು ಗಂಟೆಗೆ ಬಂದವರು. ಚಾಕ್‌ಪೀಸಿನಲ್ಲಿ ಬರೆದರೂ ಸಾಕು. ರೋಗಿಯನ್ನು ಕರೆದುಕೊಂಡು ಬಂದವರು ಒಳಗೆ ಕಾಲಿಡುವ ಮೊದಲು ಅದನ್ನು ಓದಲಿ. ಅಮ್ಮ ಇದ್ದ ವಾರ್ಡಿನಲ್ಲಿ ಆ ರಾತ್ರಿ ಹೀಗೆ ಬರೆದಿರುತ್ತಿತ್ತು: ರೋಗಿಗಳು 27, ಸಿಸ್ಟರ್ 1, ಬಂದದ್ದು ಮಧ್ಯಾಹ್ನ 2 ಗಂಟೆಗೆ.