ಸೈಕಲ್ಲಿಗೊಂದು ಅಳತೆಯ ಚೀಲ

ಸೈಕಲ್ಲಿನ ಮೇಲೆ ಸಾಮಾನು ಹೇರುವ ವಿದ್ಯೆಯನ್ನು ಕರಾವಳಿಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಂಗುಡೆ, ಬೂತಾಯಿಗಳ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದು ಬಂದರಿನಿಂದ ಒಳನಾಡಿನ ಮನೆಗಳ ತನಕ ತುಳಿದುಕೊಂಡು ಹೋಗುತ್ತಿದ್ದವರನ್ನೂ, ಹ್ಯಾಂಡಲಿಗೆ ಹಾಲಿನ ಕ್ಯಾನು ತೂಗಿಸಿಕೊಂಡು ಸೊಸೈಟಿಗೆ ಧಾವಿಸುತ್ತಿದ್ದವರನ್ನೂ ಕಂಡ ಮಂಗಳೂರು ಇದು. ಹೀಗಿರುವಾಗ ಕ್ಯಾರಿಯರನ್ನೇ ಕಿತ್ತುಹಾಕಿ, ಫ್ರೇಮಿನ ತ್ರಿಕೋನದೊಳಗೊಂದು, ಸೀಟಿನ ಹಿಂದೊಂದು, ಹ್ಯಾಂಡಲಿನ ಮುಂದೊಂದು ಚೀಲ ಕಟ್ಟಿಕೊಂಡು ದಿನಗಟ್ಟಲೆ ಊರೂರು ತಿರುಗುವ ಬೈಕ್‌ಪ್ಯಾಕಿಂಗ್ ಎಂಬ ಹವ್ಯಾಸವನ್ನು ಮೊದಲ ಬಾರಿಗೆ ಕಂಡವರು, ಇದ್ದ ಅನುಕೂಲವನ್ನು ತೆಗೆದು ಇಲ್ಲದ ಕಷ್ಟವನ್ನು ದುಡ್ಡು ಕೊಟ್ಟು ತಂದುಕೊಳ್ಳುವುದು ಯಾಕೆಂದು ಕೇಳಿದರೆ ತಪ್ಪೇನೂ ಇಲ್ಲ. ಕಾರಣ ಇಷ್ಟೇ: ಕ್ಯಾರಿಯರಿನ ಹೊರೆ ಕೆಂಪು ಕಲ್ಲಿನ ಏರುದಾರಿಯಲ್ಲಿ ಹಿಂದಕ್ಕೆಳೆಯುತ್ತದೆ, ಇಳಿಜಾರಿನಲ್ಲಿ ಗಡಗಡ ಅಲುಗಿ ಬೋಲ್ಟನ್ನು ಸಡಿಲಿಸುತ್ತದೆ, ಫ್ರೇಮಿನ ನಡುವೆ ಕೂತ ಭಾರವಾದರೋ ಸವಾರನ ಕಾಲುಗಳ ಮಧ್ಯೆ, ನೆಲಕ್ಕೆ ಹತ್ತಿರದಲ್ಲಿ, ತಾನಿದ್ದೇನೆಂದೇ ತಿಳಿಯದಂತೆ ಸುಮ್ಮನಿರುತ್ತದೆ.

ಆದರೆ ಆ ಜಾಗದ ಚೀಲವನ್ನು ಅಂಗಡಿಯಿಂದ ತರುವುದು, ಎದುರುಮನೆಯವರ ಅಳತೆಯ ರವಿಕೆಯನ್ನು ನಮ್ಮ ಮನೆಯ ಮದುವೆಗೆ ತೊಟ್ಟಂತೆ. ಸಿದ್ಧಚೀಲಗಳು ಸಣ್ಣದು, ನಡುವಿನದು, ದೊಡ್ಡದು ಎಂಬ ಮೂರೇ ಜಾತಿಗಳಲ್ಲಿ ಬರುತ್ತವೆ. ಫ್ರೇಮುಗಳಿಗೆ ಅಂಥ ಶಿಸ್ತಿಲ್ಲ. ಒಂದರ ಮೇಲಿನ ಕೊಳವೆ ನೇರವಾಗಿದ್ದರೆ ಇನ್ನೊಂದರದ್ದು ಸೀಟಿನ ಕಡೆಗೆ ಜಾರಿರುತ್ತದೆ, ಮತ್ತೊಂದಕ್ಕೆ ನೀರಿನ ಬಾಟಲಿಯ ಹಿಡಿ ಅಡ್ಡ ಬರುತ್ತದೆ. ಗಿಡ್ಡ ಆಳುಗಳ ಗತಿಯಂತೂ ಕೇಳಬಾರದು: ಅವರ ಸೈಕಲ್ಲಿನ ತ್ರಿಕೋನವೇ ಒಂದು ಅಂಗೈಯಗಲ, ಅದರೊಳಗೆ ‘ಸಣ್ಣದು’ ಎಂಬ ಹೆಸರಿನ ಚೀಲವೂ ಮುದುಡಿ ಕೂರುತ್ತದೆ.

ಈ ಚೀಲಗಳ ವಂಶಾವಳಿಯನ್ನು ನೋಡಿದರೆ ಅವೂ ಮೊದಲು ಕೈಯಳತೆಯ ಕಸುಬಿನಿಂದಲೇ ಹುಟ್ಟಿದವು. ಇಂಗ್ಲೆಂಡಿನ ಲಂಕಾಷೈರಿನ ನೆಲ್ಸನ್ ಊರಿನಲ್ಲಿ ವಿಲ್ಫ್ ಕ್ಯಾರಡೈಸ್ ಎಂಬಾತ 1932ರಲ್ಲಿ ದಪ್ಪ ಹತ್ತಿಯ ಕ್ಯಾನ್ವಾಸಿನಿಂದ ಸೀಟಿನ ಚೀಲ ಹೊಲಿಯತೊಡಗಿದ. ಆ ಹೆಸರಿನ ಚೀಲಗಳು ಇಂದಿಗೂ ಬರುತ್ತಿವೆ. ಈಗಿನ ರೀತಿಯ ಫ್ರೇಮ್ ಚೀಲಗಳಿಗೆ ಹೆಸರು ತಂದವರಲ್ಲಿ ಒಬ್ಬ ಅಲಾಸ್ಕದ ಎರಿಕ್ ಪಾರ್ಸನ್ಸ್. ಹಿಮದ ದಾರಿಗಳಲ್ಲಿ ಸೈಕಲ್ ತುಳಿಯುವವರಿಗಾಗಿ 2007ರ ಸುಮಾರಿಗೆ ಆತ ಹೊಲಿಗೆಯಂತ್ರದ ಮುಂದೆ ಕುಳಿತ. ಒಬ್ಬನದು ಚಳಿಯ ಜಿಟಿಜಿಟಿ ಮಳೆ, ಇನ್ನೊಬ್ಬನದು ಹಿಮ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿಗೆ ಬೆವರುವ ನಮ್ಮ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದವರು ಅವರಲ್ಲಿ ಯಾರೂ ಇಲ್ಲ. ನೆನೆದಾಗ ನೂಲು ಉಬ್ಬಿ ರಂಧ್ರ ಮುಚ್ಚಿಕೊಳ್ಳುವ ಹತ್ತಿಯ ಕ್ಯಾನ್ವಾಸ್ ಲಂಕಾಷೈರಿಗೆ ಹೇಳಿ ಮಾಡಿಸಿದ್ದೇ ಇರಬಹುದು. ಇಲ್ಲಿ ಮಳೆ ಬಿಡದ ಆಟಿ ತಿಂಗಳಲ್ಲಿ ಅದು ಒಣಗುವುದೇ ಇಲ್ಲವಾದ್ದರಿಂದ ಬೂಷ್ಟು ಹಿಡಿಯುವುದು ನಿಶ್ಚಯ. ಹಾಗೆಂದು ನೈಲಾನ್ ಬಟ್ಟೆ ನಿಶ್ಚಿಂತೆಯೆಂದಲ್ಲ. ಅದರ ನೂಲಿನ ದಪ್ಪವನ್ನು ಡೆನಿಯರಿನಲ್ಲಿ ಹೇಳುತ್ತಾರೆ: ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್ ಎಂಬುದು ಲೆಕ್ಕ. ಚೀಲಕ್ಕೆ 500 ಅಥವಾ 1000 ಡೆನಿಯರಿನ ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆ ಮುಳ್ಳುಬೇಲಿಗೂ ಜಗ್ಗುವುದಿಲ್ಲ. ಆದರೆ ಒಳಗೆ ಬಳಿದ ಪಾಲಿಯುರೆಥೇನ್ ಲೇಪನ ಬಿಸಿ ಮತ್ತು ತೇವ ಸೇರಿದಲ್ಲಿ ಕ್ರಮೇಣ ಒಡೆಯುತ್ತದೆ, ಮೊದಲು ಅಂಟಂಟಾಗಿ ಆಮೇಲೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಅಟ್ಟದ ಮೇಲಿನ ಹಳೆಯ ಸೂಟ್‌ಕೇಸಿನ ಒಳಭಾಗವನ್ನು ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ನಾನು ಹುಡುಕಿಕೊಂಡು ಹೋದದ್ದು ಸೈಕಲ್ ಅಂಗಡಿಯನ್ನಲ್ಲ, ಬಂದರಿನ ಕಡೆಯ ಗಲ್ಲಿಯಲ್ಲಿರುವ ಒಂದು ಕುಶನ್ ಅಂಗಡಿಯನ್ನು. ರಿಕ್ಷಾದ ಹುಡ್ಡು, ಬೈಕಿನ ಸೀಟು, ಜೀಪಿನ ಟರ್ಪಾಲು ಹೊಲಿಯುವವರ ಯಂತ್ರದ ಸೂಜಿ ನಾಲ್ಕು ಪದರ ರೆಕ್ಸಿನನ್ನು ಲೀಲಾಜಾಲವಾಗಿ ದಾಟುತ್ತದೆ; ಬಟ್ಟೆ ಅಂಗಡಿಯ ಟೈಲರಿಗೆ ಆ ಭಾಗ್ಯವಿಲ್ಲ. ಬಟ್ಟೆಯನ್ನೂ ನೈಲಾನ್ ಜಿಪ್ಪನ್ನೂ ಹೊರಗಿನಿಂದ ತರಿಸಿಕೊಂಡು, ಫ್ರೇಮಿನ ಒಳಗೆ ರಟ್ಟು ಹಿಡಿದು ಗೆರೆ ಎಳೆದು, ಸುತ್ತಲೂ ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿದ ಮಾದರಿಯನ್ನೂ ಅವರ ಮುಂದಿಟ್ಟೆ. ಲೋಹದ ಜಿಪ್ಪು ಈ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ದಾಟುವುದಿಲ್ಲವೆಂದು ಅವರೇ ನನಗೆ ಹೇಳಿದರು. ರಟ್ಟನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ:

“ಇದ್ರೊಳಗೆ ಎಂತ ಇಡ್ಲಿಕ್ಕೆ ಸರ್?”

ಪ್ರಶ್ನೆ ಸಾದಾ, ಆದರೆ ಯಾವ ಸಿದ್ಧಚೀಲವೂ ನನ್ನನ್ನು ಅದನ್ನು ಕೇಳಿರಲಿಲ್ಲ. ಪಂಪು, ಟ್ಯೂಬು, ಪಾನಾಗಳು ಅಡಿಗೆ. ಅವಲಕ್ಕಿ, ಬಾಳೆಹಣ್ಣು ಮೇಲೆ. ನಡುವೆ ಒಂದು ಅಡ್ಡಪಟ್ಟಿ ಬೇಕು. ಅಗಲ ಎರಡು, ಎರಡೂವರೆ ಇಂಚು ಮೀರಿದರೆ ತುಳಿಯುವಾಗ ಮೊಣಕಾಲು ಉಜ್ಜುತ್ತದೆ. ಜಿಪ್ಪನ್ನು ಮೂಲೆಯಲ್ಲಿ ತಿರುಗಿಸದೆ ನೇರವಾಗಿ ಹಾಕಬೇಕು, ಏಕೆಂದರೆ ತುಂಬಿದ ಚೀಲದ ಬಿಗಿತವೆಲ್ಲ ಆ ತಿರುವಿನ ಹಲ್ಲುಗಳ ಮೇಲೆಯೇ ಬೀಳುತ್ತದೆ. ಹೊಲಿಗೆಗೆ ಪಾಲಿಯೆಸ್ಟರ್ ನೂಲೇ ಆಗಬೇಕು, ಹತ್ತಿಯದ್ದು ಕೊಳೆಯುತ್ತದೆ. ಇಷ್ಟನ್ನೂ ತಲೆದೂಗಿ ಒಪ್ಪಿಕೊಂಡವರು, ನೀರು ಒಂದು ತೊಟ್ಟೂ ಒಳಗೆ ಹೋಗಬಾರದೆಂಬ ನನ್ನ ಬೇಡಿಕೆಗೆ ಮಾತ್ರ ನಕ್ಕರು. “ನಮ್ಮ ಮಳೆಗೆ ನೀರು ಬಾರದ ಹಾಗೆ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಬಂದ ನೀರು ಹೋಗುವ ಹಾಗೆ ಮಾಡುವ.” ಹಾಗೆಂದು ಚೀಲದ ಅತ್ಯಂತ ಕೆಳಗಿನ ಮೂಲೆಯಲ್ಲಿ, ಟರ್ಪಾಲಿನ ಅಂಚಿಗೆ ಹೊಡೆಯುವ ಹಿತ್ತಾಳೆಯ ಕಣ್ಣೊಂದನ್ನು ಹೊಡೆದುಕೊಟ್ಟರು. ಬೇರೆ ದೇಶದ ದುಬಾರಿ ಚೀಲಗಳು ನೀರನ್ನು ತಡೆಯುವ ಹೆಮ್ಮೆಯಲ್ಲಿ, ಹೇಗೋ ನುಗ್ಗಿದ ನೀರನ್ನು ಒಳಗೇ ಕೂಡಿಹಾಕಿಕೊಂಡಿರುತ್ತವೆ. ಇಲ್ಲಿಯಾದರೋ ಒದ್ದೆಯಾಗಬಾರದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಮುಗಿಯಿತು, ಮಿಕ್ಕ ನೀರು ತನ್ನ ದಾರಿ ಹಿಡಿಯುತ್ತದೆ.

ಸೀಟಿನ ಚೀಲದ ವಿಷಯ ಬೇರೆ. ಫ್ರೇಮಿನ ಚೀಲಕ್ಕೆ ಮೂರು ಕಡೆ ಆಸರೆಯಿದೆ. ಇದಕ್ಕೆ ಸೀಟಿನಡಿಯ ಕಂಬಿಗಳು ಮತ್ತು ಸೀಟಿನ ಕಂಬ ಬಿಟ್ಟರೆ ಉಳಿದದ್ದೆಲ್ಲ ಗಾಳಿಯಲ್ಲಿ. ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಹಾಳೆ, ಎಳೆದಷ್ಟೂ ಬಿಗಿಯುವ ಪಟ್ಟಿಗಳು, ತುಂಬಿದಷ್ಟಕ್ಕೇ ಸುರುಳಿ ಸುತ್ತಿ ಮುಚ್ಚುವ ಬಾಯಿ, ಇವುಗಳಲ್ಲಿ ಯಾವುದೊಂದು ಅಳತೆ ತಪ್ಪಿದರೂ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದ್ದುನಿಂತು ತುಳಿಯುವಾಗ ಚೀಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತದೆ. ಸೀಟು ತಗ್ಗಾಗಿದ್ದರೆ ಹಿಂದಿನ ಟಯರಿಗೂ ತಾಗುತ್ತದೆ. ಫ್ರೇಮಿನದ್ದನ್ನು ಇಲ್ಲಿಯೇ ಹೊಲಿಸಬೇಕು, ಸೀಟಿನದ್ದನ್ನು ಅದರಲ್ಲೇ ಪಳಗಿದವರಿಂದ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಅಂಜುತ್ತಲೇ ಕುಶನ್ ಅಂಗಡಿಯವರಿಗೆ ತಿಳಿಸಿದೆ. ಅವರಿಗೆ ಬೇಸರವೇನೂ ಆಗಲಿಲ್ಲ. “ಸರಿ, ನೀವು ಒಂದು ತರಿಸಿ. ನಾನು ಒಮ್ಮೆ ಹೊಲಿಗೆ ಬಿಚ್ಚಿ ನೋಡ್ತೇನೆ, ಮತ್ತೆ ಹಾಗೇ ಹಾಕಿ ಕೊಡ್ತೇನೆ” ಎಂದರು. ಚೀಲ ಬಂದಿದೆ. ಅದಕ್ಕೆ ಕೊಟ್ಟ ಬೆಲೆಯನ್ನು ಅವರಿಗಿನ್ನೂ ಹೇಳಿಲ್ಲವಾದ್ದರಿಂದ ಆ ಗಲ್ಲಿಯಲ್ಲಿ ಸದ್ಯಕ್ಕೆ ನಡೆದುಕೊಂಡೇ ಹೋಗುತ್ತಿದ್ದೇನೆ.